ತೊಟ್ಟಿ ಮನೆ ಕೆಡವುವ ಮೊದಲು ತೂಬು ಎಲ್ಲಿದೆ ನೋಡಿ

ಪ್ರಶ್ನೆ: ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ನಮ್ಮ ತಾತ ಕಟ್ಟಿಸಿದ ತೊಟ್ಟಿ ಮನೆ ಇದೆ. ಮಣ್ಣುಗೋಡೆ, ಮಂಗಳೂರು ಹೆಂಚು, ತೊಟ್ಟಿಯ ಸುತ್ತ ಎಂಟು ಮರದ ಕಂಬ. ಪಾಲಾದಾಗ ಪಡುವಣ ಭಾಗ ಚಿಕ್ಕಪ್ಪನಿಗೆ ಹೋಯಿತು. ಅವರು ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಕೊಂಡಿದ್ದಾರೆ. ನಮ್ಮ ಕಡೆಯ ಗೋಡೆಗಳು ಕೆಳಗಿನಿಂದ ನಾಲ್ಕಡಿಯವರೆಗೆ ಒದ್ದೆಯಾಗಿ ಉದುರುತ್ತಿದ್ದವು. ಕೆಲವು ವರ್ಷದ ಹಿಂದೆ ವಾಟರ್‌ಪ್ರೂಫ್ ಪುಡಿ ಸೇರಿಸಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು, ನೆಲಕ್ಕೆ ಟೈಲ್ಸ್ ಹಾಕಿಸಿದೆವು. ಈಗ ಒದ್ದೆ ಆರಡಿಗೆ ಏರಿದೆ, ಪ್ಲಾಸ್ಟರ್ ಉಬ್ಬಿದೆ. ಎಂಜಿನಿಯರ್ ‘ಆಯಸ್ಸು ಮುಗಿದಿದೆ, ಕೆಡವಿ’ ಎನ್ನುತ್ತಾರೆ. ಕಂಬ, ಬಾಗಿಲುವಾಡ ಕೊಳ್ಳಲು ಬೆಂಗಳೂರಿನಿಂದ ದಲ್ಲಾಳಿ ಬಂದು ಹೋದ. ಅಮ್ಮ ಮಾತ್ರ ಮನೆ ಬಿಡಲು ಒಪ್ಪುತ್ತಿಲ್ಲ. ಉಳಿಸಲು ಸಾಧ್ಯವೇ? ಹಳೆಯ ಗಾರೆ ಕೆಲಸ ಬಲ್ಲವರು ಈಗ ಸಿಗುತ್ತಾರೆಯೇ? ಸರ್ಕಾರದಿಂದ ಸಹಾಯ ಉಂಟೇ?

ಉತ್ತರ: ನೀವು ಕಳಿಸಿದ ಫೋಟೋಗಳಲ್ಲಿ ನಾನು ತುಂಬ ಹೊತ್ತು ನೋಡಿದ್ದು ಬೀದಿಯಿಂದ ತೆಗೆದ ಒಂದನ್ನು. ಅಮ್ಮ ಜಗುಲಿಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಾರೆ. ಅವರ ಪಾದ ಸಿಮೆಂಟ್ ರಸ್ತೆಯನ್ನು ಪೂರ್ತಿ ಮುಟ್ಟುತ್ತಿದೆ, ಮೊಣಕಾಲು ಮೇಲಕ್ಕೆ ಮಡಿಚಿದೆ. ಜಗುಲಿಯನ್ನು ಯಾರೂ ಹಾಗೆ ಕಟ್ಟುವುದಿಲ್ಲ. ನಿಮ್ಮ ತಾತನ ಕಾಲದಲ್ಲಿ ಅಲ್ಲಿ ಕೂತವರ ಕಾಲು ಜೋತಾಡುತ್ತಿದ್ದಿರಬೇಕು. ಅಂದರೆ ನಿಮ್ಮ ಬೀದಿ ಕಡಿಮೆಯೆಂದರೂ ಒಂದಡಿ ಎದ್ದಿದೆ. ಪ್ರತಿ ಸಲ ರಸ್ತೆ ಮಾಡುವಾಗಲೂ ಹಳೆಯದನ್ನು ಅಗೆಯದೆ ಅದರ ಮೇಲೆಯೇ ಕಾಂಕ್ರೀಟ್ ಸುರಿಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಳೆಯ ಮನೆಗಳು ಮುಳುಗುತ್ತಿರುವುದು ಹೀಗೆ.

ಇದಕ್ಕೂ ಒಳಗಿನ ಗೋಡೆಗೂ ಏನು ಸಂಬಂಧ ಎಂದರೆ, ತೊಟ್ಟಿ. ಸುತ್ತಲ ಸೂರಿನ ನೀರೆಲ್ಲ ತೊಟ್ಟಿಗೆ ಬಿದ್ದು, ಒಂದು ಮೂಲೆಯ ತೂಬಿನಿಂದ ನೆಲದಡಿಯ ಕಲ್ಲುಮೋರಿಯಲ್ಲಿ ಹರಿದು ಬೀದಿಗೆ ಅಥವಾ ಹಿತ್ತಲಿಗೆ ಸೇರಬೇಕು. ಬೀದಿ ಎದ್ದರೆ ಮೋರಿಯ ಬಾಯಿ ಮುಚ್ಚುತ್ತದೆ. ತೊಟ್ಟಿಯಲ್ಲಿ ನೀರು ನಿಲ್ಲದೆ ಹೇಗೋ ಇಂಗುತ್ತಿದೆಯಲ್ಲ ಎಂದು ಮನೆಯವರು ಸುಮ್ಮನಿರುತ್ತಾರೆ. ಇಂಗುವುದು ಎಲ್ಲಿಗೆ? ಬುನಾದಿಗೆ. ನಿಮ್ಮ ಪತ್ರದಲ್ಲಿ ತೂಬಿನ ಮಾತೇ ಇಲ್ಲ, ಫೋಟೋದಲ್ಲಿ ಆ ಮೂಲೆಯಲ್ಲಿ ವಾಷಿಂಗ್ ಮಷೀನ್ ಇದೆ. ಇವತ್ತು ಸಂಜೆಯೇ ಅದನ್ನು ಸರಿಸಿ ಎರಡು ಕೊಡ ನೀರು ಸುರಿದು ನೋಡಿ. ಎಲ್ಲಿ ಹೊರಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಬರುತ್ತದೆಯೋ ಇಲ್ಲವೋ ಎಂದು ಗೊತ್ತಾಗಬೇಕು.

ನಿಮ್ಮ ಎಂಜಿನಿಯರ್ ಹೇಳಿದ ‘ಆಯಸ್ಸು ಮುಗಿದಿದೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಣ್ಣುಗೋಡೆಗೆ ಇಷ್ಟೇ ವರ್ಷ ಎಂಬ ಲೆಕ್ಕವಿಲ್ಲ. ತಲೆ ಮೇಲೆ ಸೂರು, ಕಾಲಡಿ ಒಣ ನೆಲ ಇದ್ದಷ್ಟು ದಿನ ಅದು ನಿಲ್ಲುತ್ತದೆ. ನಿಮ್ಮ ಗೋಡೆಯನ್ನು ಕೆಡಿಸಿದ್ದರಲ್ಲಿ ನೀರಿನ ಪಾಲು ಅರ್ಧ, ಉಳಿದರ್ಧ ನೀವು ಮಾಡಿಸಿದ ರಿಪೇರಿಯದು. ಹೀಗೆ ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಬಂಧಿಕರೊಬ್ಬರ ಮನೆಯ ಕಲ್ಲು ಪಂಚಾಂಗದ, ಅಂದರೆ ಗೋಡೆಯ ಬುಡದ ಕಲ್ಲುಕಟ್ಟಿನ, ಸಂದಿಗೆಲ್ಲ ನಾನೇ ನಿಂತು ಸಿಮೆಂಟ್ ತುಂಬಿಸಿದೆ. ಅಚ್ಚುಕಟ್ಟಾಗಿ ಕಂಡಿತು, ಎಲ್ಲರೂ ಹೊಗಳಿದರು. ಎರಡು ಮಳೆಗಾಲ ಕಳೆದ ಮೇಲೆ ಅದುವರೆಗೆ ಒಣಗಿದ್ದ ಪಡಸಾಲೆಯ ಗೋಡೆ ಸೊಂಟದೆತ್ತರಕ್ಕೆ ಒದ್ದೆಯಾಯಿತು. ಆ ಮನೆಯ ಅಜ್ಜಿ ನನ್ನನ್ನು ಬೈಯಲೂ ಇಲ್ಲ, ‘ಏನಪ್ಪಾ ಮಾಡ್ದೆ ಇದಕ್ಕೆ’ ಎಂದು ಕೇಳಿದರು ಅಷ್ಟೆ.

ಆಗುವುದು ಇಷ್ಟು. ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣುಗೋಡೆ ನೆಲದ ತೇವವನ್ನು ಹೀರುತ್ತದೆ. ಮಣ್ಣು ಅಥವಾ ಸುಣ್ಣದ ಗಿಲಾವು (ಪ್ಲಾಸ್ಟರ್) ಇದ್ದಾಗ ಒಂದೆರಡು ಅಡಿ ಏರುವಷ್ಟರಲ್ಲಿ ಆ ತೇವ ಗೋಡೆಯ ಮೈಯಿಂದಲೇ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ಆರುವ ದಾರಿ ಮುಚ್ಚಿತು. ಗಿಲಾವಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿವರೆಗೆ ತೇವ ಏರುತ್ತದೆ. ನಿಮ್ಮದು ನಾಲ್ಕಡಿಯಿಂದ ಆರಡಿಗೆ ಏರಿದ್ದು ಇದೇ ಲೆಕ್ಕ. ನೀರಿನ ಜೊತೆ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಮಣ್ಣನ್ನು ಹುಡಿ ಮಾಡುತ್ತದೆ. ಉಬ್ಬಿದ ಜಾಗವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಡೊಳ್ಳು ಸದ್ದು ಬರುತ್ತದೆ. ಅಲ್ಲಿ ಸಿಮೆಂಟ್ ಗೋಡೆಗೆ ಅಂಟಿಕೊಂಡಿಲ್ಲ, ಹಪ್ಪಳದಂತೆ ತಾನೇ ನಿಂತಿದೆ. ಕಿತ್ತರೆ ಅದರ ಬೆನ್ನಿಗೆ ಒಂದು ಪದರ ಮಣ್ಣೂ ಬರುತ್ತದೆ. ಇದರ ಮೇಲೆ ನೆಲಕ್ಕೆ ಟೈಲ್ಸ್ ಬೇರೆ. ಹಳೆಯ ನೆಲದಿಂದ ಆರುತ್ತಿದ್ದ ತೇವವೂ ಈಗ ಗೋಡೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಇನ್ನೊಂದು ಫೋಟೋದಲ್ಲಿ ನೈರುತ್ಯದ ಕಂಬದ ಬುಡ ನೋಡಿ. ಕಂಬದಡಿಯ ಕಲ್ಲು ಅರ್ಧ ಟೈಲ್ಸಿನೊಳಗೆ ಹೂತಿದೆ. ಮರಕ್ಕೆ ನೆಲದ ತೇವ ತಾಗದಿರಲಿ ಎಂದು ಹಿಂದಿನವರು ಇಟ್ಟ ಕಲ್ಲು ಅದು. ಈಗ ನೆಲ ಒರೆಸಿದ ನೀರು ದಿನಾ ಮರಕ್ಕೆ ಸೋಕುತ್ತಿದೆ. ದಲ್ಲಾಳಿ ಆ ಕಂಬಕ್ಕೆ ಕಡಿಮೆ ಬೆಲೆ ಹೇಳಿರಬೇಕು, ವಿಚಾರಿಸಿ.

ಹಾಗಾದರೆ ಕೆಲಸ ಎಲ್ಲಿಂದ ಶುರು? ಹೆಚ್ಚಿನವರು ಗೋಡೆಯಿಂದ ಶುರು ಮಾಡುತ್ತಾರೆ. ನೀವು ಗೋಡೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಮೋರಿ. ಬೀದಿಯ ಕಡೆ ಇನ್ನು ಇಳಿಜಾರು ಸಿಗುವುದಿಲ್ಲ, ಆದ್ದರಿಂದ ದಿಕ್ಕು ಬದಲಿಸಿ ಹಿತ್ತಲಿನ ಕಡೆ ಪೈಪು ಹಾಕಿ, ತೆಂಗಿನ ಬುಡಕ್ಕೋ ಇಂಗುಗುಂಡಿಗೋ ಬಿಡಿ. ಗುಂಡಿ ಗೋಡೆಯಿಂದ ಹತ್ತು ಹದಿನೈದು ಅಡಿಯಾದರೂ ದೂರ ಇರಲಿ. ಬೀದಿಗೋಡೆಯ ಉದ್ದಕ್ಕೂ ಒಂದಡಿ ಅಗಲಕ್ಕೆ ಕಾಂಕ್ರೀಟ್ ಕತ್ತರಿಸಿ ತೆಗೆಸಿ, ಅಲ್ಲಿ ದಪ್ಪ ಜಲ್ಲಿ ತುಂಬಿ. ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟೇ ಮಾಡಿ.

ಎರಡನೆಯದು ಚಿಕ್ಕಪ್ಪನವರ ಕಡೆಯ ಗೋಡೆ. ಇದು ಸೂಕ್ಷ್ಮದ ವಿಷಯ, ಗಾರೆಗಿಂತ ಮಾತು ಮುಖ್ಯ. ತೊಟ್ಟಿ ಮನೆಯ ಮಾಡು ನಾಲ್ಕೂ ಕಡೆಯಿಂದ ಒಳಗೆ ಇಳಿದು ಒಂದನ್ನೊಂದು ಹಿಡಿದುಕೊಂಡಿರುತ್ತದೆ. ಪಾಲಿನಲ್ಲಿ ಅರ್ಧ ಕೆಡವಿದಾಗ ಉಳಿದರ್ಧಕ್ಕೆ ಆಸರೆಯೂ ತಪ್ಪುತ್ತದೆ, ಹೊಸ ಆರ್‌ಸಿಸಿ ಗೋಡೆಗೂ ಹಳೆಯ ಹೆಂಚಿಗೂ ನಡುವೆ ಒಂದು ಸಂದಿಯೂ ಹುಟ್ಟುತ್ತದೆ. ನಾನು ನೋಡಿದ ಪಾಲಾದ ತೊಟ್ಟಿ ಮನೆಗಳಲ್ಲಿ ಅತಿ ಹೆಚ್ಚು ಹಾಳಾಗಿರುವುದು ಆ ಸಂದಿಯ ಕೆಳಗಿನ ಗೋಡೆಯೇ. ಅಲ್ಲಿ ಮಳೆನೀರು ಹರಿದುಹೋಗಲು ತಗಡಿನ ದೋಣಿ ಕೂರಿಸಿ, ಆರ್‌ಸಿಸಿ ಗೋಡೆಯಲ್ಲಿ ಸಣ್ಣ ಕಾಲುವೆ ಕೊರೆದು ಅದರ ಒಂದು ಅಂಚನ್ನು ಒಳಗೆ ಸೇರಿಸಬೇಕು. ಅದಕ್ಕೆ ಅವರ ಗೋಡೆ ಮುಟ್ಟಬೇಕು, ಅವರ ಒಪ್ಪಿಗೆ ಬೇಕು. ‘ಚಿಕ್ಕಪ್ಪ, ನಿಮ್ಮ ಗೋಡೆಯಿಂದ ನಮಗೆ ಹಾನಿ’ ಎಂದು ಹೋಗಬೇಡಿ. ಅವರ ಗೋಡೆಯೂ ಅದೇ ಜಾಗದಲ್ಲಿ ಒಳಗೆ ಬೂಸಲು ಹಿಡಿದಿರುವುದು ಬಹುತೇಕ ಖಂಡಿತ. ಆ ಮಾತಿನಿಂದ ಶುರು ಮಾಡಿ.

ಮೂರನೆಯದು ಹೆಂಚು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಇಟ್ಟ ಮೇಲೆ ಈ ಹೆಂಚು ನಮ್ಮ ಸೀಮೆಗೆಲ್ಲ ಹಬ್ಬಿತು. ಒಂದು ಕಾಲಕ್ಕೆ ಇದೇ ‘ಮಾಡರ್ನ್’ ಆಗಿತ್ತು, ಕುಂಬಾರರ ನಾಡಹೆಂಚಿನ ಅನ್ನ ಕಿತ್ತುಕೊಂಡದ್ದು ಇದೇ. ನಿಮ್ಮ ಹೆಂಚು ಗಟ್ಟಿಯಾಗಿದೆ, ಬದಲಿಸಬೇಡಿ. ಮಳೆಗಾಲಕ್ಕೆ ಮುಂಚೆ ಕೈಯಾಡಿಸಿ, ಒಡೆದದ್ದನ್ನು ಮಾತ್ರ ತೆಗೆಯಿರಿ. ಕೋತಿ ಕಾಟಕ್ಕೆಂದು ತೊಟ್ಟಿಯ ಮೇಲೆ ಫೈಬರ್ ಶೀಟ್ ಹೊದಿಸಿದ್ದೀರಿ, ಅದನ್ನು ಇಳಿಸಿ ಕಂಬಿ ಜಾಲರಿ ಹಾಕಿಸಿ. ಒಳಗಿನ ಬಿಸಿಗಾಳಿ ಹೋಗುವುದಕ್ಕೆ, ಗೋಡೆ ಆರುವುದಕ್ಕೆ ತೊಟ್ಟಿಯೊಂದೇ ದಾರಿ.

ಇಷ್ಟಾದ ಮೇಲೆ ಗೋಡೆ. ಸಿಮೆಂಟ್ ಕಿತ್ತು ಹಾಕಿಸಿ. ಬ್ರೇಕರ್ ಮಷೀನ್ ಬೇಡ, ಉಳಿ ಸಣ್ಣ ಸುತ್ತಿಗೆ ಸಾಕು, ಡೊಳ್ಳಾದ ಕಡೆ ಕೈಯಲ್ಲೇ ಬರುತ್ತದೆ. ಗೋಡೆಯ ಬುಡ ಮೆದುವಾಗಿದ್ದರೆ ಮೊದಲು ತೊಲೆಗಳಿಗೆ ಜಾಕಿ ಕೊಡಿ. ಆಮೇಲೆ ಎರಡೆರಡು ಅಡಿ ಮಾತ್ರ ಬಿಡಿಸಿ, ಆ ಜಾಗ ತುಂಬಿ, ನಡುವೆ ಎರಡಡಿ ಬಿಟ್ಟು ಮುಂದಕ್ಕೆ ಹೋಗಿ. ಇಡೀ ಬುಡವನ್ನು ಒಮ್ಮೆಗೇ ಬಿಡಿಸುವ ಧೈರ್ಯ ಯಾರೂ ಮಾಡಬಾರದು. ತುಂಬುವುದಕ್ಕೆ ಕಲ್ಲು ಮತ್ತು ಸುಣ್ಣದ ಗಾರೆ, ಮೇಲಕ್ಕೆ ನಿಮ್ಮದೇ ಮಣ್ಣಿನ ಹಸಿ ಇಟ್ಟಿಗೆ. ಮಣ್ಣು ಸರಿಯೇ ಎಂದು ತಿಳಿಯಲು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ಜಿಗುಟು ಮಣ್ಣು ಮೇಲಿನ ಪದರವಾಗಿ ಕೂರಲು ಮಾರನೇ ದಿನ ಬೇಕು. ಜಿಗುಟು ತೀರಾ ಹೆಚ್ಚಿದ್ದರೆ ಗೋಡೆ ಬಿರಿಯುತ್ತದೆ, ಮರಳು ಸೇರಿಸಿ. ಬಿದ್ದ ಗೋಡೆಯ ಮಣ್ಣನ್ನೇ ಮತ್ತೆ ನೆನೆಸಿ, ಹುಲ್ಲು ಕೊಚ್ಚಿ ಹಾಕಿ, ತುಳಿದು, ಕೊಳೆಯಲು ಬಿಟ್ಟು ಬಳಸಬಹುದು. ಉಪ್ಪು ಹಿಡಿದ ಭಾಗವನ್ನು ಮಾತ್ರ ಹೊರಗೆ ಎಸೆಯಿರಿ.

ಆಮೇಲೆ ಕಾಯಬೇಕು. ಒದ್ದೆ ಗೋಡೆ ಆರುವುದು ಸುಮಾರಾಗಿ ತಿಂಗಳಿಗೆ ಒಂದು ಇಂಚಿನ ಲೆಕ್ಕದಲ್ಲಿ. ನಿಮ್ಮದು ಒಂದೂವರೆ ಅಡಿ ದಪ್ಪ, ಎರಡೂ ಕಡೆಯಿಂದ ಆರಿದರೂ ಒಂಬತ್ತು ತಿಂಗಳು. ಅಷ್ಟು ದಿನ ಗೋಡೆ ಬೆತ್ತಲೆ ನಿಂತಿರುತ್ತದೆ. ಬಂದವರೆಲ್ಲ ‘ಏನ್ರೀ ಇದು, ಹಾಳು ಬಿದ್ದ ಮನೆ ಥರ’ ಎನ್ನುತ್ತಾರೆ. ಅನ್ನಲಿ.

ಈಗ ಸುಣ್ಣ. ‘ಗಾರೆ’ ಎಂದರೆ ಮೂಲದಲ್ಲಿ ಸುಣ್ಣದ ಗಾರೆಯೇ. ಈಗ ಸಿಮೆಂಟ್ ಕಲಸುವವರನ್ನೂ ಗಾರೆಯವರು ಎನ್ನುತ್ತೇವೆ, ಹೆಸರು ಉಳಿದು ಸರಕು ಬದಲಾಗಿದೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಸುಟ್ಟ ಸುಣ್ಣ. ಅದನ್ನು ನೀರಿಗೆ ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು, ಸಿಡಿದು ಕಣ್ಣು ಹೋಗುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಸುಣ್ಣ ಅರಳಿಸುವ ಜಾಗದ ಹತ್ತಿರ ಬಿಡಬೇಡಿ, ಮಕ್ಕಳನ್ನಂತೂ ಅತ್ತ ಸುಳಿಯಲೂ ಬಿಡಬೇಡಿ. ಅರಳಿದ ಸುಣ್ಣ ನೀರಿನಡಿ ಒಂದು ತಿಂಗಳಾದರೂ ಇರಲಿ. ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಬುಡದ ತೇವದ ಜಾಗಕ್ಕಾದರೆ ಒಂದು ಪಾಲು ಮರಳಿನ ಬದಲು ಸುರ್ಕಿ, ಅಂದರೆ ಅರೆಬೆಂದ ಇಟ್ಟಿಗೆಯ ಪುಡಿ. ಸುರ್ಕಿ ಸೇರಿದ ಸುಣ್ಣ ತೇವದಲ್ಲೂ ಗಟ್ಟಿಯಾಗುತ್ತದೆ. ನಂಬಿಕೆ ಬಾರದಿದ್ದರೆ 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ನೋಡಿ ಬನ್ನಿ. ಅದರ ಕಲ್ಲು ಕೂಡಿಸಿದ್ದು ಸುರ್ಕಿ ಗಾರೆಯಲ್ಲಿ.

ಬೆಲ್ಲ, ಅಳಲೆಕಾಯಿ ನೀರು, ಮೊಟ್ಟೆಯ ಬಿಳಿ ಎಷ್ಟೆಷ್ಟು ಹಾಕಬೇಕು ಎಂದು ಎಲ್ಲರೂ ಮೊದಲು ಕೇಳುವುದು ಅದನ್ನೇ. ವಿಡಿಯೋಗಳ ಮಹಿಮೆ. ಬೆಲ್ಲದ ನೀರಿನಿಂದ ಗಾರೆ ನುಣ್ಣಗೆ ಬರುತ್ತದೆ ನಿಜ, ಜಾಸ್ತಿಯಾದರೆ ಗಟ್ಟಿಯಾಗುವುದೇ ಇಲ್ಲ. ಸುಣ್ಣ ಸರಿಯಾಗಿ ಅರಳಿದ್ದು, ಮರಳು ತೊಳೆದದ್ದು, ಅರೆದದ್ದು ಸಾಲುವಷ್ಟು ಇದ್ದರೆ ಅದಿಲ್ಲದೆಯೂ ನಡೆಯುತ್ತದೆ. ಹಿಂದೆ ಗಾರೆಗಾಣ ಇರುತ್ತಿತ್ತು, ದುಂಡನೆಯ ಕಲ್ಲಿನ ಕಾಲುವೆಯಲ್ಲಿ ಎತ್ತು ಕಲ್ಲಿನ ಚಕ್ರ ಎಳೆಯುತ್ತಿತ್ತು. ಈಗ ಗಾಣವೂ ಇಲ್ಲ ಎತ್ತೂ ಇಲ್ಲ, ಮೋಟಾರಿನ ರುಬ್ಬುವ ಯಂತ್ರ ಬಾಡಿಗೆಗೆ ತರಿಸಿಕೊಳ್ಳಿ. ಕೆಲಸ ಕಾರ್ತೀಕದಿಂದ ಶಿವರಾತ್ರಿಯೊಳಗೆ ಮುಗಿಯಲಿ. ಒಂದೊಂದು ಪದರ ಅರ್ಧ ಇಂಚು ಮೀರಬಾರದು, ವಾರಗಟ್ಟಲೆ ತೆಳ್ಳಗೆ ನೀರು ಚಿಮುಕಿಸಿ ನೆರಳಲ್ಲಿ ಇಡಬೇಕು. ಮೇಲೆ ಸುಣ್ಣವೇ ಬಳಿಯಿರಿ. ಎಮಲ್ಷನ್ ಬಳಿದರೆ ಪಟ್ಟ ಪಾಡೆಲ್ಲ ನೀರಿಗೆ ಹೋಯಿತು.

ಇನ್ನು ಕೆಲಸ ಬಲ್ಲವರ ವಿಷಯ. ಸಿಗುತ್ತಾರೆ, ಆದರೆ ಕರೆಯುವ ಬಗೆ ಬೇರೆ. ಕೆಲವು ವರ್ಷದ ಹಿಂದೆ ಮೇಲುಕೋಟೆ ಕಡೆಯ ಎಪ್ಪತ್ತು ದಾಟಿದ ಮೇಸ್ತ್ರಿಯೊಬ್ಬರ ಜೊತೆ ಕೆಲಸ ಮಾಡಿದೆ. ಗಾರೆ ಹದಕ್ಕೆ ಬಂದಿತೇ ಎಂದು ತಿಳಿಯಲು ನಾನು ಅಳತೆ ಪಾತ್ರೆ, ಗಡಿಯಾರ ಹಿಡಿದು ನಿಂತಿದ್ದೆ. ಅವರು ಕರಣೆಯ ತುಂಬ ಗಾರೆ ತೆಗೆದು, ಒಮ್ಮೆ ಕೊಡವಿ, ಕರಣೆಯನ್ನು ಬೋರಲು ಹಿಡಿದರು. ಬೀಳಲಿಲ್ಲ. ‘ಆಯ್ತು ಸಾ, ನಡೀರಿ’ ಎಂದರು. ಮಗನಿಗೆ ಯಾಕೆ ಕಲಿಸಲಿಲ್ಲ ಎಂದು ಕೇಳಿದೆ. ‘ಕಲ್ತವ್ನೆ ಸಾ. ಮಾಡಕಿಲ್ಲ. ಅಡಿ ಲೆಕ್ಕದಲ್ಲಿ ಸುಣ್ಣ ಮಾಡಕಾಯ್ತದಾ?’

ಕಸುಬು ಸಾಯುತ್ತಿರುವುದು ಎಲ್ಲಿ ಎಂದು ಆ ಮಾತಿನಲ್ಲೇ ಇದೆ. ಇಂದು ಪ್ಲಾಸ್ಟರ್ ಕೂಲಿ ಚದರಡಿ ಲೆಕ್ಕ. ಸಿಮೆಂಟ್ ಬೆಳಿಗ್ಗೆ ಕಲಸಿ ಸಂಜೆಗೆ ಇಷ್ಟು ಅಡಿ ಎಂದು ಎಣಿಸಬಹುದು. ಸುಣ್ಣದಲ್ಲಿ ಒಂದು ಪದರ ಹಾಕಿ ಕಾಯಬೇಕು, ಉಜ್ಜಬೇಕು, ಬಿರುಕು ಬಂದರೆ ಮತ್ತೆ ಉಜ್ಜಬೇಕು. ಕಾಯುವ ದಿನಕ್ಕೆ ದುಡ್ಡು ಕೊಡುವವರು ಯಾರು? ಅದಕ್ಕೆ ನನ್ನ ಸಲಹೆ, ಗುತ್ತಿಗೆ ಕೊಡಬೇಡಿ. ದಿನಗೂಲಿ ಇಡಿ, ಸಿಮೆಂಟಿನವರಿಗಿಂತ ಹೆಚ್ಚು ಕೊಡಿ, ಒಬ್ಬ ಹಿರಿಯರ ಜೊತೆ ಊರಿನ ಇಬ್ಬರು ಹುಡುಗರಿಗೆ ಪೂರ್ತಿ ಕೂಲಿ ಕೊಟ್ಟು ನಿಲ್ಲಿಸಿ. ಮುಂದೆ ಪ್ರತಿ ವರ್ಷ ಸುಣ್ಣ ಬಳಿಯಲು, ಬಿರುಕು ಮುಚ್ಚಲು ನಿಮಗೆ ಬೇಕಾಗುವವರು ಆ ಹುಡುಗರು. ಹಿರಿಯರನ್ನು ಹುಡುಕಲು ಕಟ್ಟಡದ ಗುತ್ತಿಗೆದಾರರನ್ನು ಕೇಳಿ ಪ್ರಯೋಜನವಿಲ್ಲ. ಹಳೆಯ ದೇವಸ್ಥಾನಗಳ ಜೀರ್ಣೋದ್ಧಾರ ನಡೆಯುವ ಕಡೆ ಹೋಗಿ. ಪಾರಂಪರಿಕ ಕಟ್ಟಡಗಳನ್ನು ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಮೈಸೂರು, ಬೆಂಗಳೂರು ಶಾಖೆಯವರನ್ನು ವಿಚಾರಿಸಿ. ಮರಗೆಲಸಕ್ಕೆ ತೇರು ರಿಪೇರಿ ಮಾಡುವ ಆಚಾರ್ಯರು ಸಿಕ್ಕರೆ ಬಿಡಬೇಡಿ. ಕೊಳೆತ ಕಂಬದ ಬುಡವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಹಳೆಯ ಮರವನ್ನು ಬೆಣೆ ಹೊಡೆದು ಜೋಡಿಸುವುದು ಅವರಿಗೆ ಗೊತ್ತಿರುತ್ತದೆ. ಫರ್ನಿಚರ್ ಮಾಡುವವರು ಇಡೀ ಕಂಬ ಬದಲಿಸಿ ಎನ್ನುತ್ತಾರೆ.

ಸರ್ಕಾರದ ಸಹಾಯದ ಮೇಲೆ ಲೆಕ್ಕ ಹಾಕಬೇಡಿ. ಸಂರಕ್ಷಿತ ಸ್ಮಾರಕಗಳಿಗೆ ಇಲಾಖೆ ಇದೆ, ಹಳ್ಳಿಯ ವಾಸದ ಮನೆ ಅದರೊಳಗೆ ಬರುವುದಿಲ್ಲ. ಸರ್ಕಾರದ ಕೈಯಲ್ಲಿದ್ದ ಹಳೆಯ ಕಟ್ಟಡಗಳ ಪಾಡೇ ನೋಡಿ. ಮೈಸೂರಿನ ನಡುಮಧ್ಯೆ, ಎಲ್ಲರ ಕಣ್ಣೆದುರು ಇದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲ ಎಂಬುದನ್ನು ಗಮನಿಸಿ.

ದಲ್ಲಾಳಿಯ ಮಾತಿಗೆ ಬಂದರೆ, ಕಂಬ ಮಾರುವುದೂ ಮನೆ ಕೆಡವುವುದೂ ಒಂದೇ. ಕಂಬದ ತಲೆಯ ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಯಾವುದೂ ಅಲಂಕಾರಕ್ಕೆ ಇಟ್ಟದ್ದಲ್ಲ. ಉಳಿಸಲು ಆಗುವುದೇ ಇಲ್ಲ ಎಂದಾದರೆ ಆಗ ಬಿಡಿಬಿಡಿಯಾಗಿ ಮಾರುವ ಬದಲು ಬೇರೆ ದಾರಿ ಹುಡುಕೋಣ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಿ. ಕೆಡವಲಿದ್ದ ಮನೆಗಳನ್ನು ತೊಲೆ, ಕಂಬ, ಬಾಗಿಲು ಸಮೇತ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಉತ್ತರ ಕರ್ನಾಟಕದ ಕುಕನೂರಿನ ಕಮಲ ಮಹಲ್ ಅಲ್ಲಿದೆ. ನೋಡಿದಾಗ ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಯಾವ ಅಡುಗೆಮನೆಯಲ್ಲೂ ಒಗ್ಗರಣೆ ವಾಸನೆ ಇಲ್ಲ.

ನಿಮ್ಮ ಹೆಂಡತಿ ಬರೆದಿರುವ ಟಿಪ್ಪಣಿ ನನಗೆ ಬಹಳ ಮುಖ್ಯ. ‘ಒಳಗೆ ಬಾತ್‌ರೂಮ್ ಇಲ್ಲದ ಮನೆಗೆ ಮಕ್ಕಳು ಬರುವುದಿಲ್ಲ’ ಎಂದಿದ್ದಾರೆ. ಸರಿಯಾಗಿಯೇ ಹೇಳಿದ್ದಾರೆ. ಮಣ್ಣುಗೋಡೆಯ ಕೋಣೆಯೊಳಗೆ ಮಾತ್ರ ಬೇಡ. ಹಿತ್ತಲ ಬಾಗಿಲಿಗೆ ಹತ್ತಿರವಾಗಿ, ಆದರೆ ಹಳೆಯ ಗೋಡೆಗೆ ತಾಗದ ಹಾಗೆ, ಎರಡು ಬಾತ್‌ರೂಮ್, ಒಂದು ಅಡುಗೆಮನೆ ಹೊಸದಾಗಿ ಕಟ್ಟಿ, ನಡುವೆ ಚಿಕ್ಕ ಕೈಸಾಲೆ ಬಿಡಿ. ಅದಕ್ಕೆ ಒತ್ತಿದ ಮಣ್ಣಿನ ಇಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಶುರುವಾದ ‘ಅಸ್ತ್ರ’ ಕೇಂದ್ರದವರು ಈ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಹೊಸ ಕಟ್ಟಡದಲ್ಲಿ ಸಿಮೆಂಟ್ ಎಷ್ಟು ಬೇಕೋ ಅಷ್ಟು ಬಳಸಿ, ಅದರ ಮೇಲೆ ನನಗೇನೂ ದ್ವೇಷವಿಲ್ಲ. ಹಳೆಯ ಭಾಗದಲ್ಲಿ ವೈರಿಂಗ್ ಗೋಡೆಯ ಮೇಲೆಯೇ ಪೈಪಿನಲ್ಲಿ ಬರಲಿ, ಗೋಡೆ ಕೊರೆಯಬೇಡಿ.

ಕೊನೆಯದಾಗಿ ಒಂದು ಹೆದರಿಕೆ ಇಟ್ಟುಕೊಳ್ಳಿ. ಪಡುವಣ ಗೋಡೆಯ ತುದಿಯಿಂದ ತೂಗುಗುಂಡು ಬಿಟ್ಟು ನೋಡಿ. ಒಂದೂವರೆ ಅಡಿ ಗೋಡೆ ಮೂರು ಇಂಚಿಗಿಂತ ಹೆಚ್ಚು ವಾಲಿದ್ದರೆ ಆ ಕೋಣೆಯಲ್ಲಿ ಅಮ್ಮ ಮಲಗುವುದು ಬೇಡ, ಅಂದೇ ಆಸರೆ ಕೊಡಿಸಿ, ಹಳೆಯ ಕಟ್ಟಡಗಳ ಅನುಭವವಿರುವ ಎಂಜಿನಿಯರನ್ನು ಕರೆಸಿ. ಅಷ್ಟಿಲ್ಲದಿದ್ದರೆ, ಬಾಗಿಲ ಮೇಲಿನ ಓರೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಚೂರೊಂದನ್ನು ಎರಡು ಕಡೆ ಗಾರೆ ಮೆತ್ತಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಸೀಳುತ್ತದೆ. ಮೋರಿ ಮತ್ತು ತಗಡಿನ ದೋಣಿ ಈ ಬೇಸಿಗೆಯಲ್ಲೇ ಆಗಲಿ. ದೀಪಾವಳಿ ಹೊತ್ತಿಗೆ ಆ ಗಾಜಿನ ಫೋಟೋ ಕಳಿಸಿ. ಸುಣ್ಣ ಎಷ್ಟು ಚೀಲ ತರಿಸಬೇಕು ಎಂದು ಆಗ ಹೇಳುತ್ತೇನೆ.